ವಿವಾಹಮಂತ್ರಗಳಲ್ಲಿ ಊಹವಿಚಾರ: ಸಲಿಂಗವಿವಾಹದ ಒಂದು ಪ್ರಯೋಗವನ್ನು ಕುರಿತು

ಪಾಠಶಾಲೆಯಲ್ಲಿ ನನ್ನೊಡನೆ ಕೌಮುದಿಯನ್ನು ಓದಿದ ಸಹಾಧ್ಯಾಯಿಗಳೊಬ್ಬರು ಕಳೆದ ಮಾಘಮಾಸದಲ್ಲಿ ನಮ್ಮ ಮನೆಗೆ ಬಂದು, ಬಹಳ ಹೊತ್ತು ಅದೂ ಇದೂ ಮಾತನಾಡಿದ ಮೇಲೆ, ಅಮೆರಿಕಾದೇಶದಲ್ಲಿ ನೆಲಸಿರುವ ತಮ್ಮ ಮಗಳ ಮದುವೆಗೆ ಒಂದು ಪ್ರಯೋಗವನ್ನು ಬರೆದುಕೊಡಬೇಕೆಂದು ಕೇಳಿದರು. ಪ್ರಯೋಗಗ್ರಂಥಗಳು ಬೇಕಾದಷ್ಟು ಅಚ್ಚಾಗಿರುವಾಗ ಹೊಸದಾಗಿ ಬರೆಯತಕ್ಕದ್ದೇನೆಂದು ನಾನು ಕೇಳಲು, “ವರನಿಲ್ಲ, ಶಾಸ್ತ್ರಿಗಳೇ, ಇಬ್ಬರೂ ವಧುಗಳೇ” ಎಂದು ಹೇಳಿ ಅವರು ನೆಲವನ್ನು ನೋಡುತ್ತ ಕುಳಿತರು. ಆ ದೇಶದ ಕಾನೂನಿನ ಪ್ರಕಾರ ವಿವಾಹವು ಆಗಲೇ ನೋಂದಣಿಯಾಗಿತ್ತು. ಮಗಳಿಗೆ ಬೇಕಾಗಿದ್ದುದು ಸಂಸ್ಕಾರ. ಅದಕ್ಕೂ ಅವಳೊಂದು ನಿಬಂಧನೆಯನ್ನಿಟ್ಟಿದ್ದಳು. ಅವಳ ಗೆಳತಿಯರಿಬ್ಬರ ಮದುವೆಯಲ್ಲಿ ಪುರೋಹಿತರೊಬ್ಬರು ಒಬ್ಬಳನ್ನು ವರನ ಮಣೆಯ ಮೇಲೆ ಕುಳ್ಳಿರಿಸಿ, ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ಓದಿ ಮುಗಿಸಿದರಂತೆ. “ನಮ್ಮಲ್ಲೊಬ್ಬಳನ್ನು ಗಂಡೆಂದು ಕರೆಯುವ ಮಂತ್ರ ಬೇಡ. ಮಂತ್ರವಿಲ್ಲದೆ ನಡೆದರೂ ಸರಿಯೆ, ಸುಳ್ಳನ್ನು ಹೇಳಿಸಬೇಡಿರಿ” ಎಂದು ಅವಳು ತಂದೆಗೆ ಬರೆದಿದ್ದಳು. ನಾನು ಅಂದು ಒಪ್ಪಲಿಲ್ಲ, ಒಲ್ಲೆನೆಂದೂ ಹೇಳಲಿಲ್ಲ. ಆ ಬಳಿಕ ಎರಡು ತಿಂಗಳ ಕಾಲ ಗೃಹ್ಯಸೂತ್ರಗಳನ್ನೂ ಮೀಮಾಂಸೆಯನ್ನೂ ಮತ್ತೆ ತಿರುವಿ ಕಂಡುಕೊಂಡುದನ್ನು ವಿದ್ವಜ್ಜನರ ಪರಿಶೀಲನೆಗಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ರಾಜಶಾಸನದ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುವೆನು. ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ೨೦೧೫ನೆಯ ಜೂನ್ ೨೬ರಂದು ಸಲಿಂಗವಿವಾಹವನ್ನು ಆ ದೇಶದ ಎಲ್ಲ ಸಂಸ್ಥಾನಗಳಲ್ಲಿಯೂ ಊರ್ಜಿತಗೊಳಿಸಿತು. ನಮ್ಮ ನೆರೆಯ ನೇಪಾಳದಲ್ಲಿ ೨೦೨೩ನೆಯ ನವೆಂಬರ್ ೨೯ರಂದು, ಸರ್ಕಾರಿ ದಾಖಲೆಯಂತೆ ಒಂದೇ ಲಿಂಗದವರಾದ ಇಬ್ಬರ ವಿವಾಹವು ಲಮ್‌ಜುಂಗ್ ಜಿಲ್ಲೆಯಲ್ಲಿ ನೋಂದಣಿಯಾಯಿತು. ಥಾಯ್ಲೆಂಡಿನ ಕಾನೂನು ೨೦೨೫ನೆಯ ಜನವರಿ ೨೩ರಿಂದ ಜಾರಿಗೆ ಬಂದಿತು. ಭಾರತದಲ್ಲಿ ೨೦೧೮ನೆಯ ಸೆಪ್ಟೆಂಬರ್ ೬ರ ತೀರ್ಪಿನಿಂದ ಇಂತಹ ಸಹವಾಸವು ಅಪರಾಧವೆಂಬುದು ತೊಲಗಿತಾದರೂ, ೨೦೨೩ನೆಯ ಅಕ್ಟೋಬರ್ ೧೭ರಂದು ಐವರು ನ್ಯಾಯಮೂರ್ತಿಗಳ ಪೀಠವು ಇದನ್ನು ವಿವಾಹವೆಂದು ಅಂಗೀಕರಿಸುವುದು ಶಾಸನಸಭೆಗೆ ಸೇರಿದ ಕಾರ್ಯವೆಂದು ನಿರ್ಣಯಿಸಿತು. ಇಲ್ಲೊಂದು ವಿಚಿತ್ರವುಂಟು. ೧೯೫೫ರ ಹಿಂದೂ ವಿವಾಹ ಅಧಿನಿಯಮದ ೭ನೆಯ ಕಲಮು, ಸಪ್ತಪದಿಯುಳ್ಳ ವಿವಾಹವು ಏಳನೆಯ ಹೆಜ್ಜೆಯಲ್ಲಿ ಪೂರ್ಣವಾಗುವುದೆಂದು ಹೇಳುತ್ತದೆ. ೨೦೨೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧ್ಯುಕ್ತಕರ್ಮವಿಲ್ಲದೆ ಬರಿಯ ನೋಂದಣಿಪತ್ರದಿಂದ ಹಿಂದೂವಿವಾಹವಾಗದೆಂದು ತಿಳಿಸಿತು. ಆದರೆ ಸಮಾನಲಿಂಗದವರಿಗೆ ಇಲ್ಲಿ ಕರ್ಮವಷ್ಟೇ ಉಂಟು, ಪತ್ರವಿಲ್ಲ. ಆದುದರಿಂದ ಈ ದೇಶದಲ್ಲಿ ಹೀಗೆ ಕೂಡಿ ಬಾಳಬಯಸುವವರು ಮರಣಶಾಸನವನ್ನೂ ನಾಮನಿರ್ದೇಶನಗಳನ್ನೂ ಮದುವೆಗೆ ಮೊದಲೇ ಬರೆಯಿಸಿಡತಕ್ಕದ್ದು. ಬ್ಯಾಂಕಿನಲ್ಲಿ ಜಂಟಿ ಖಾತೆಗೆ ಅಡ್ಡಿಯಿಲ್ಲವೆಂದು ಕೇಂದ್ರಸರ್ಕಾರವು ೨೦೨೪ನೆಯ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಇವು ಲೌಕಿಕದ ಮಾತುಗಳು; ಇಷ್ಟಕ್ಕೆ ಬಿಡುವೆನು.

ಶಾಸ್ತ್ರಸ್ಥಿತಿಯನ್ನು ಮರೆಮಾಡದೆ ಹೇಳಬೇಕು. ಸೂತ್ರಕಾರರಲ್ಲಿ ಯಾರೊಬ್ಬರೂ ಸ್ತ್ರೀಪುರುಷರ ಹೊರತು ಬೇರೆ ವಿವಾಹವನ್ನು ಮನಸ್ಸಿನಲ್ಲಿಟ್ಟುಕೊಂಡವರಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಕನ್ಯೆಯರ ವಿಷಯದಲ್ಲಿ ದಂಡವೂ, ಹನ್ನೊಂದನೆಯದರಲ್ಲಿ ಪುರುಷರ ವಿಷಯದಲ್ಲಿ ಸಚೇಲಸ್ನಾನರೂಪವಾದ ಪ್ರಾಯಶ್ಚಿತ್ತವೂ ಉಕ್ತವಾಗಿವೆ. ಪ್ರಾಚೀನರು ಇದನ್ನು ವಿಧಿಸಿದ್ದರೆಂದು ಸಾಧಿಸಹೊರಡುವ ಕೆಲವರ ಉತ್ಸಾಹವು ನನಗಿಲ್ಲ. ವಚನವನ್ನು ಹಿಂಡಿ ಇಲ್ಲದ ರಸವನ್ನು ತೆಗೆಯುವುದು ಪಾಂಡಿತ್ಯವಲ್ಲ. ನನ್ನ ಪ್ರಶ್ನೆಯು ಇದಕ್ಕಿಂತ ಸಣ್ಣದು. ಇಬ್ಬರು ಹೆಂಗಸರಾಗಲಿ ಇಬ್ಬರು ಗಂಡಸರಾಗಲಿ ವಿವಾಹಕರ್ಮವನ್ನು ಆಚರಿಸುವೆವೆಂದು ನಿಶ್ಚಯಿಸಿದಾಗ, ಅದರ ಯಾವ ಅಂಗವನ್ನು ಇದ್ದಂತೆಯೇ ಸತ್ಯವಾಗಿ ಹೇಳಬಹುದು, ಯಾವುದನ್ನು ಮಾರ್ಪಡಿಸಬೇಕು, ಯಾವುದನ್ನು ಬಿಡಬೇಕು?

ಮಾರ್ಪಡಿಸುವುದೇ ಕೂಡದೆನ್ನುವವರುಂಟು. ಮಂತ್ರಕ್ಕೆ ಅಕ್ಷರವೇ ಪ್ರಧಾನ, ಅರ್ಥವಲ್ಲ, ಆದುದರಿಂದ ಲಿಂಗಭೇದವು ಬಾಧಕವಲ್ಲವೆಂಬುದು ಅವರ ಆಶಯ. ಇದು ನಿರುಕ್ತದಲ್ಲಿ ಯಾಸ್ಕರು ಎತ್ತಿ ಖಂಡಿಸಿದ ಕೌತ್ಸನ ಪಕ್ಷ. ಮಂತ್ರಗಳು ಅನರ್ಥಕಗಳೆಂದು ಅವನು ಹೇಳಿದನು. ಆ ಪುರೋಹಿತರು ಅರಿಯದೆಯೇ ಕೌತ್ಸನ ಶಿಷ್ಯರಾಗಿದ್ದರು! ಜೈಮಿನಿಗಳಾದರೋ ಮಂತ್ರಗಳು ಅರ್ಥಪ್ರಕಾಶನದಿಂದಲೇ ಕರ್ಮಕ್ಕೆ ಉಪಕರಿಸುವುವೆಂದು ಸ್ಥಾಪಿಸಿದ್ದಾರೆ. ಅರ್ಥವುಂಟೆಂದು ಒಪ್ಪಿದ ಮೇಲೆ ಅಸತ್ಯಾರ್ಥವನ್ನು ನುಡಿಸುವಂತಿಲ್ಲ. ಪತಂಜಲಿಗಳು ಪಸ್ಪಶಾಹ್ನಿಕದಲ್ಲಿ ವ್ಯಾಕರಣಾಧ್ಯಯನದ ಪ್ರಯೋಜನಗಳನ್ನೆಣಿಸುವಾಗ ರಕ್ಷೆಯ ತರುವಾಯ ಊಹವನ್ನೇ ಹೇಳುತ್ತಾರೆ. ವೇದದಲ್ಲಿ ಮಂತ್ರಗಳು ಎಲ್ಲ ಲಿಂಗಗಳಿಂದಲೂ ಎಲ್ಲ ವಿಭಕ್ತಿಗಳಿಂದಲೂ ಪಠಿತವಾಗಿಲ್ಲ, ಕರ್ಮಕ್ಕೆ ತಕ್ಕಂತೆ ಅವನ್ನು ಮಾರ್ಪಡಿಸಬೇಕು, ವ್ಯಾಕರಣವನ್ನರಿಯದವನಿಂದ ಅದು ಸಾಧ್ಯವಲ್ಲವೆಂಬುದು ಅವರ ತಾತ್ಪರ್ಯ. ವಿಭಕ್ತಿಗಿಂತ ಮೊದಲು ಅವರು ಲಿಂಗವನ್ನು ಹೆಸರಿಸಿರುವುದನ್ನು ನಾನು ಮೂವತ್ತು ವರ್ಷಗಳಿಂದ ಪಾಠಹೇಳುತ್ತ ಬಂದಿದ್ದರೂ ಈಗಲೇ ಗಮನಿಸಿದೆನು. ಮೀಮಾಂಸೆಯ ಒಂಬತ್ತನೆಯ ಅಧ್ಯಾಯವು ಊಹಕ್ಕೆ ಮೀಸಲಾಗಿರುವುದು ಸರ್ವವಿದಿತ. ಆಗ್ನೇಯಯಾಗದಲ್ಲಿ ಅಗ್ನಿಶಬ್ದವಿರುವೆಡೆ ಸೌರ್ಯಚರುವಿನಲ್ಲಿ ಸೂರ್ಯಶಬ್ದವು ಬರುತ್ತದೆ; ವ್ರೀಹಿಯಿದ್ದಲ್ಲಿ ನೀವಾರವು ಬರುತ್ತದೆ.

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಏಳುತ್ತದೆ. ಪ್ರಕೃತಿಯಲ್ಲಿ ಊಹವಿಲ್ಲ, ವಿಕೃತಿಯಲ್ಲಿ ಮಾತ್ರ ಉಂಟು. ಇದು ವಿಕೃತಿಯೆನ್ನುವುದಾದರೆ ಅದನ್ನು ವಿಧಿಸುವ ವಾಕ್ಯವೆಲ್ಲಿ? ಇಲ್ಲವೆಂಬುದೇ ಉತ್ತರ. ಇದಲ್ಲದೆ, ಊಹಿತವಾದ ಪದವು ಮಂತ್ರವೇ ಅಲ್ಲವೆಂದು ಎರಡನೆಯ ಅಧ್ಯಾಯದಲ್ಲಿ ಜೈಮಿನಿಗಳೇ ಹೇಳಿರುವರು. ಈ ಎರಡು ಆಕ್ಷೇಪಗಳನ್ನೂ ನಾನು ತಲೆಬಾಗಿ ಒಪ್ಪುತ್ತೇನೆ. ಒಪ್ಪಿದರೂ ಕಾರ್ಯವು ಕೆಡುವುದಿಲ್ಲ. ಸೌರ್ಯಚರುವಿನಲ್ಲಿ ಸೂರ್ಯಶಬ್ದವು ಮಂತ್ರವಲ್ಲದಿದ್ದರೂ ಅರ್ಥವನ್ನು ಪ್ರಕಾಶಪಡಿಸಿ ಕರ್ಮವನ್ನು ನಡೆಯಿಸುತ್ತದಷ್ಟೆ. ಹಾಗೆಯೇ ನಾವು ಬರೆಯುವ ಪ್ರಯೋಗವನ್ನು ಶ್ರುತಿಚೋದಿತವೆಂದು ಹೇಳಿಕೊಳ್ಳದೆ, ಶ್ರುತಿಯ ಮಾತನ್ನು ಅನುಸರಿಸಿ ಇಬ್ಬರು ಅಗ್ನಿಯೆದುರಿಗೆ ಮಾಡಿದ ಪ್ರತಿಜ್ಞೆಯೆಂದು ಹೇಳಿದರೆ ಅದರಲ್ಲಿ ಅನೃತವಿಲ್ಲ. ಆ ಹುಡುಗಿಯು ಕೇಳಿದುದೂ ಅಷ್ಟನ್ನೇ.

ಮೇಲಾಗಿ ವಿವಾಹದ ವಿಷಯದಲ್ಲಿ ಸೂತ್ರಕಾರರು ಬೇರೆಡೆ ತೋರದ ಔದಾರ್ಯವನ್ನು ತೋರಿದ್ದಾರೆ. ಆಶ್ವಲಾಯನರು ವಿಧಿಯನ್ನು ಹೇಳತೊಡಗುವ ಮೊದಲೇ, ದೇಶಧರ್ಮಗಳೂ ಗ್ರಾಮಧರ್ಮಗಳೂ ನಾನಾವಿಧವಾಗಿವೆ, ಮದುವೆಯಲ್ಲಿ ಅವುಗಳನ್ನನುಸರಿಸತಕ್ಕದ್ದು, ಎಲ್ಲರಿಗೂ ಸಮಾನವಾದುದನ್ನಷ್ಟೇ ತಾವು ಹೇಳುವೆವೆನ್ನುತ್ತಾರೆ. ಆಪಸ್ತಂಬರಾದರೋ ಈ ಆಚಾರಗಳನ್ನು ಹೆಂಗಸರಿಂದ ತಿಳಿದುಕೊಳ್ಳಿರೆಂದು ಅಪ್ಪಣೆಮಾಡಿದ್ದಾರೆ. ಇಂದು ನಮ್ಮವರು ಮದುವೆಯ ಪ್ರಾಣವೆಂದು ತಿಳಿದಿರುವ ಮಂಗಳಸೂತ್ರವು ಗೃಹ್ಯಸೂತ್ರಗಳಲ್ಲಿ ಕಾಣಬರುವುದೇ ಇಲ್ಲವೆಂಬುದನ್ನು ಮರೆಯಲಾಗದು. ಅದು ದೇಶಾಚಾರದಿಂದ ಬಂದು ಸೇರಿದುದು. ನಮ್ಮ ನಾಡಿನಲ್ಲಿಯೇ ಕುವೆಂಪುರವರು ‘ಮಂತ್ರಮಾಂಗಲ್ಯ’ವೆಂಬ ವಿವಾಹಸಂಹಿತೆಯನ್ನು ರಚಿಸಿ ೧೯೬೬ರಲ್ಲಿ ತಮ್ಮ ಪುತ್ರನ ಮದುವೆಯನ್ನು ಆಡಂಬರವಿಲ್ಲದೆ ನಡೆಯಿಸಿದರು, ಆ ಕ್ರಮದಲ್ಲಿ ಇಂದಿಗೂ ಮದುವೆಗಳಾಗುತ್ತಿವೆ. ಪುರೋಹಿತನನ್ನು ಹೊರಗಿಟ್ಟುದು ನನ್ನಂಥವನಿಗೆ ರುಚಿಸತಕ್ಕ ಅಂಶವಲ್ಲ. ಆದರೆ ಮದುವೆಯಾಗುವವರು ತಾವು ಹೇಳುವ ಮಾತನ್ನು ತಿಳಿದು ಹೇಳಬೇಕೆಂಬ ಅವರ ಮೂಲತತ್ತ್ವವು ಜೈಮಿನಿಗಳಿಗೂ ಸಮ್ಮತವಾದುದೇ.

ಇನ್ನು ಪ್ರಯೋಗ. ಲಗ್ನಪತ್ರಿಕೆಯಲ್ಲಿಯೇ ಮೊದಲ ತೊಡಕು. ವರನಿಗೆ ‘ಚಿ|| ರಾ||’ ಎಂದೂ ವಧುವಿಗೆ ‘ಚಿ|| ಕುಂ|| ಸೌ||’ ಎಂದೂ ಬರೆಯುವುದು ವಾಡಿಕೆ. ಇಬ್ಬರಿಗೂ ಎರಡನೆಯದನ್ನೇ ಬರೆದು, ಹಿರಿಯಳ ಹೆಸರನ್ನು ಮೊದಲಿಟ್ಟುದಾಯಿತು. ನಾಂದಿ, ಪುಣ್ಯಾಹ, ಕಂಕಣಬಂಧಗಳಲ್ಲಿ ಹೇಳತಕ್ಕದ್ದೇನೂ ಇಲ್ಲ. ಸಂಕಲ್ಪದಲ್ಲಿ ಮೂರು ತಲೆಮಾರಿನ ತಂದೆಯರ ಹೆಸರುಗಳ ಜತೆಗೆ ತಾಯಂದಿರ ಹೆಸರುಗಳನ್ನೂ ಹೇಳಬೇಕೆಂದು ಹುಡುಗಿಯರು ಕೇಳಿದರು. ಶ್ರಾದ್ಧದಲ್ಲಿ ಮಾತೃವರ್ಗವನ್ನು ಸ್ಮರಿಸುವ ನಮಗೆ ಮದುವೆಯಲ್ಲಿ ಸ್ಮರಿಸಲು ಏನು ಕಷ್ಟ? ಸೇರಿಸಿದೆನು.

ಕನ್ಯಾದಾನವು ಬಹುಕಾಲ ನನ್ನನ್ನು ತಡೆದು ನಿಲ್ಲಿಸಿತು. ಯಾರು ಯಾರಿಗೆ ಕೊಡತಕ್ಕದ್ದು? ಇಬ್ಬರು ತಂದೆಯರೂ ಪರಸ್ಪರ ಕೊಟ್ಟು ಕೊಂಡರೆ ವಿನಿಮಯವಾಯಿತೇ ಹೊರತು ದಾನವಾಗಲಿಲ್ಲ. ಅಲ್ಲದೆ ವಿಶ್ವಜಿತ್ತಿನಲ್ಲಿ ಸರ್ವಸ್ವವನ್ನೂ ಕೊಡುವಾಗಲೂ ತಂದೆತಾಯಿಗಳನ್ನು ಕೊಡಲಾಗದೆಂದು ಆರನೆಯ ಅಧ್ಯಾಯದಲ್ಲಿ ನಿರ್ಣೀತವಾಗಿದೆ; ಸ್ವತ್ತಲ್ಲದ್ದು ದಾನವಸ್ತುವಲ್ಲ. ಮಗಳ ಮಾತೂ ಹಾಗೆಯೇ. ಕೊಟ್ಟ ಮೇಲೂ ಅವಳು ಮಗಳಾಗಿಯೇ ಉಳಿಯುವಳಾದುದರಿಂದ ಇಲ್ಲಿ ದಾನಶಬ್ದವನ್ನು ಗೌಣಾರ್ಥದಲ್ಲಿಯೇ ಗ್ರಹಿಸಬೇಕಾಗುತ್ತದೆ. ಗಾಂಧರ್ವವಿವಾಹದಲ್ಲಂತೂ ಕೊಡುವವನೇ ಇಲ್ಲ. ಅನ್ಯೋನ್ಯೇಚ್ಛೆಯೇ ಅಲ್ಲಿ ಮೂಲ. ಆದುದರಿಂದ ದಾನವಾಕ್ಯವನ್ನು ಬಿಟ್ಟೆನು. ಅದರ ಬೆನ್ನಿಗೆ ಬರುವ ಕಾಮಸ್ತುತಿಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಕೊಟ್ಟವನಾರು, ಕೊಂಡವನಾರೆಂದು ಪ್ರಶ್ನಿಸಿ, ಎರಡೂ ಕಾಮನೇ ಎಂದು ಉತ್ತರವನ್ನೀಯುವ ಆ ಮಂತ್ರದಲ್ಲಿ ತಂದೆಗೂ ಸ್ಥಳವಿಲ್ಲ, ವರನಿಗೂ ಸ್ಥಳವಿಲ್ಲ, ಒಂದಕ್ಷರವನ್ನೂ ಕದಲಿಸಬೇಕಾಗಿಲ್ಲ. ಇಬ್ಬರ ತಂದೆತಾಯಿಗಳೂ ಕೂಡಿ, ಒಂದರ ಮೇಲೊಂದಿಟ್ಟ ಮಕ್ಕಳ ಕೈಗಳ ಮೇಲೆ ಧಾರೆಯೆರೆಯುವುದು. ಆಗ ಇಬ್ಬರೂ ಅದನ್ನು ಹೇಳುವುದು. ನನ್ನ ಸಹಾಧ್ಯಾಯಿಗಳ ಕಡೆಯಿಂದ ದಂಪತಿಗಳಿಬ್ಬರೂ ನಿಲ್ಲುವರು. ಮತ್ತೊಂದು ಕಡೆಯಿಂದ ತಾಯಿಯೊಬ್ಬಳೇ ಬರುವಳೆಂದು ತಿಳಿಯಿತು. ತಂದೆಯ ಮಣೆಯನ್ನು ತೆಗೆಯಬಾರದು, ಹಾಕಿಯೇ ಇಡಿರೆಂದು ಬರೆದಿದ್ದೇನೆ.

ನಮ್ಮ ನಾಡಿನ ಮದುವೆಯಲ್ಲಿ ಆ ಮೇಲೆ ಬರುವ ಆಚಾರಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅಂತರಪಟ ಸರಿದೊಡನೆ ಜೀರಿಗೆಬೆಲ್ಲವನ್ನು ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಇಡುತ್ತಾರೆ. ಮಾಲೆಯನ್ನು ಇಬ್ಬರೂ ಹಾಕುತ್ತಾರೆ. ಬಾಸಿಂಗವು ಇಬ್ಬರ ಹಣೆಗೂ ಉಂಟು. ಉರುಟಣೆಯಲ್ಲಿ ಅರಿಸಿನವನ್ನು ಇಬ್ಬರೂ ಹಚ್ಚುತ್ತಾರೆ, ಭೂಮದೂಟದಲ್ಲಿ ಕೂಡಿ ಉಣ್ಣುತ್ತಾರೆ. ಹೆಂಗಸರಿಂದ ತಿಳಿಯಿರೆಂದು ಆಪಸ್ತಂಬರು ಹೇಳಿದುದು ವ್ಯರ್ಥವಲ್ಲ. ಗಂಡಸರು ಬರೆದ ಪ್ರಯೋಗಕ್ಕಿಂತ ಹೆಂಗಸರು ಕಾಪಾಡಿದ ಆಚಾರದಲ್ಲಿ ಸಾಮ್ಯವು ಹೆಚ್ಚು. ಇವೊಂದನ್ನೂ ನಾನು ಮುಟ್ಟಲಿಲ್ಲ. ಮಾಂಗಲ್ಯಧಾರಣವನ್ನು ಇಬ್ಬರೂ ಪರಸ್ಪರ ಮಾಡುವುದೋ ಇಬ್ಬರೂ ಬಿಡುವುದೋ ಅವರ ಇಚ್ಛೆ. ಒಬ್ಬಳಿಗೆ ಮಾತ್ರ ಕಟ್ಟಿದರೆ ಮತ್ತೊಬ್ಬಳನ್ನು ಗಂಡೆಂದು ಹೇಳಿದಂತೆಯೇ ಆಗುವುದು.

ಪಾಣಿಗ್ರಹಣಕ್ಕೆ ಬರುವಾಗ ನನಗೆ ಭಯವಿತ್ತು. ಋಗ್ವೇದದ ವಿವಾಹಸೂಕ್ತದಲ್ಲಿರುವ ಆ ಋಕ್ಕಿನ ಅರ್ಥವೇನೆಂದರೆ: ಸೌಭಾಗ್ಯಕ್ಕಾಗಿ ನಿನ್ನ ಕೈಯನ್ನು ಹಿಡಿಯುತ್ತೇನೆ, ಪತಿಯಾದ ನನ್ನೊಡನೆ ಮುಪ್ಪನ್ನು ಮುಟ್ಟುವವಳಾಗು, ದೇವತೆಗಳು ಗೃಹಸ್ಥಧರ್ಮಕ್ಕಾಗಿ ನಿನ್ನನ್ನು ನನಗಿತ್ತರು. ಕನ್ನಡದಲ್ಲಿ ‘ಮುಟ್ಟುವವಳು’ ಎಂದು ಲಿಂಗವನ್ನು ಹೇಳದೆ ಗತಿಯಿಲ್ಲ. ಆದರೆ ಮೂಲವನ್ನು ಪದಪದವಾಗಿ ಬಿಡಿಸಿ ನೋಡಲು, ಕೈಹಿಡಿಸಿಕೊಳ್ಳುವವರ ಲಿಂಗವನ್ನು ಹೇಳುವ ಪದವೊಂದೂ ಅಲ್ಲಿಲ್ಲ. ಹಿಡಿಯುವವನನ್ನು ತಿಳಿಸುವ ‘ಪತ್ಯಾ’ ಎಂಬ ಪದವೊಂದೇ ಲಿಂಗವಿಶಿಷ್ಟವಾದುದು. ಇಬ್ಬರು ಪುರುಷರಾದರೆ ಊಹವೇ ಬೇಡ. ಸ್ತ್ರೀಯರಾದರೆ ‘ಪತ್ನ್ಯಾ’ ಎಂದರೆ ಸಾಕು; ಅದೂ ಎರಡಕ್ಷರವೇ, ಛಂದಸ್ಸು ಕೆಡುವುದಿಲ್ಲ. ಪತಿಯಿಲ್ಲದೆ ಪತ್ನಿಯೆಂಬ ಮಾತು ಹೇಗೆಂದು ಕೇಳುವವರು, ವೇದದಲ್ಲಿ ಗೃಹಪತ್ನೀ ಮೊದಲಾದೆಡೆ ಆ ಶಬ್ದವು ಒಡತಿಯೆಂಬರ್ಥದಲ್ಲಿ ಬರುವುದನ್ನು ನೋಡಬಹುದು. ದಂಪತಿಶಬ್ದವೂ ಹೀಗೆಯೇ. ಜಾಯಾಶಬ್ದಕ್ಕೆ ‘ದಂ’ ಆದೇಶವೆಂದು ನಾವು ಪಾಠದಲ್ಲಿ ಸಾಧಿಸುವುದುಂಟು. ಆದರೆ ಋಗ್ವೇದದಲ್ಲಿ ಮನೆಯ ಒಡೆಯನಾದ ಅಗ್ನಿಯನ್ನು ಏಕವಚನದಲ್ಲಿ ದಂಪತಿಯೆಂದು ಕರೆದಿದೆ. ಅಲ್ಲಿ ‘ದಂ’ ಎಂದರೆ ಮನೆ. ಮನೆಗೆ ಒಡೆಯರಾದ ಇಬ್ಬರೆಂದು ಅರ್ಥಮಾಡಿದರೆ ದಂಪತಿಗಳೆಂದು ಯಾರನ್ನು ಕರೆಯಲೂ ಅಡ್ಡಿಯಿಲ್ಲ.

ಕೈಹಿಡಿಯುವುದು, ಅಗ್ನಿಯನ್ನು ಸಾಕ್ಷಿಮಾಡುವುದು, ಅದನ್ನು ಬಲಬರುವುದು ಇವು ಸ್ತ್ರೀಪುರುಷಸಂಬಂಧಕ್ಕೇ ಮೀಸಲಾದುವಲ್ಲ. ಕಿಷ್ಕಿಂಧಾಕಾಂಡದಲ್ಲಿ ಹನುಮಂತನು ಅಗ್ನಿಯನ್ನು ಕಡೆದು ಹೊತ್ತಿಸಲು ರಾಮಸುಗ್ರೀವರು ಕೈಹಿಡಿದು, ಪ್ರದಕ್ಷಿಣೆಮಾಡಿ ಸಖರಾದರು. ಅದು ವಿವಾಹವೆಂದು ನಾನು ಹೇಳುತ್ತಿಲ್ಲ. ಎರಡು ಜೀವಗಳನ್ನು ಕಟ್ಟತಕ್ಕ ಕ್ರಿಯೆಗಳು ನಮ್ಮಲ್ಲಿ ಇವೇ ಎಂದಷ್ಟೇ ಹೇಳುತ್ತಿದ್ದೇನೆ.

ಲಾಜಹೋಮದಲ್ಲಿ ವಧುವಿನ ಬೊಗಸೆಗೆ ಅರಳನ್ನು ಅವಳ ಸಹೋದರನು ಹಾಕಬೇಕು. ಇಲ್ಲಿ ಇಬ್ಬರ ಬೊಗಸೆಗೂ ಇಬ್ಬರ ಕಡೆಯ ಸಹೋದರರು. ಸಹೋದರನಾಗಲಿ ಸಹೋದರಸ್ಥಾನದಲ್ಲಿರುವವನಾಗಲಿ ಎಂದು ಆಶ್ವಲಾಯನರು ವಿಕಲ್ಪವನ್ನು ಹೇಳಿರುವುದು ದೊಡ್ಡ ಉಪಕಾರ. ಬಂಧುಗಳು ಬಾರದ ಮದುವೆಗಳು ಇಂಥವರಲ್ಲಿ ಹೆಚ್ಚು. ಮಿತ್ರನೊಬ್ಬನು ಆ ಸ್ಥಾನದಲ್ಲಿ ನಿಂತರೆ ಅದು ಅನುಕಲ್ಪವಲ್ಲ, ಸೂತ್ರೋಕ್ತವೇ. ಅಶ್ಮಾರೋಹಣದಲ್ಲಿ ಕಲ್ಲಿನಂತೆ ಸ್ಥಿರಳಾಗೆಂದು ವರನು ಹೇಳುವುದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕು; ಪುರುಷರಾದರೆ ‘ಸ್ಥಿರಾ’ ಎಂಬುದು ‘ಸ್ಥಿರಃ’ ಆಗುತ್ತದೆ.

ಸಪ್ತಪದಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಿವಾಹದ ನಿಷ್ಠೆಯು ಏಳನೆಯ ಪದದಲ್ಲೆಂದು ಮನುವೂ ಹೇಳುತ್ತಾನೆ. ಅನ್ನಕ್ಕಾಗಿ, ಬಲಕ್ಕಾಗಿ, ಐಶ್ವರ್ಯಪುಷ್ಟಿಗಾಗಿ, ಸುಖಕ್ಕಾಗಿ, ಸಂತಾನಕ್ಕಾಗಿ, ಋತುಗಳಿಗಾಗಿ ಒಂದೊಂದು ಹೆಜ್ಜೆಯನ್ನಿಡಿಸಿ ಏಳನೆಯದರಲ್ಲಿ ಏನು ಹೇಳುತ್ತಾರೆ? ಹೆಂಡತಿಯಾಗು ಎಂದಲ್ಲ; ಸಖನಾಗು ಎಂದು. ಸಖನಾಗು ಎಂದೇ ಬರೆದೆನು, ಸಖಿಯಾಗು ಎಂದಲ್ಲ. ಆಶ್ವಲಾಯನರ ಪಾಠದಲ್ಲಿರುವುದು ‘ಸಖಾ’ ಎಂಬ ಪುಂಲಿಂಗರೂಪ. ಪಾರಸ್ಕರರಲ್ಲಿ ‘ಸಖೇ’ ಎಂಬ ಸಂಬೋಧನೆ, ಅದೂ ಪುಂಲಿಂಗದ್ದೇ. ಎದುರಿಗೆ ನಿಂತಿರುವವಳು ವಧು, ಮಾತು ಮಾತ್ರ ಪುಂಲಿಂಗದಲ್ಲಿ! ಇದು ಲೇಖಕಪ್ರಮಾದವೆಂದು ಸಂಶಯಿಸುವಂತಿಲ್ಲ. ‘ಸಖೀ’ ಎಂಬ ಸ್ತ್ರೀರೂಪವು ಲೋಕಭಾಷೆಯಲ್ಲಿ ಸಾಧುವೆಂದು ಪಾಣಿನಿಗಳು ನಾಲ್ಕನೆಯ ಅಧ್ಯಾಯದಲ್ಲಿ ನಿಯಮಿಸಿದ್ದಾರೆ. ‘ಭಾಷೆಯಲ್ಲಿ’ ಎಂದು ಏಕೆ ಹೇಳಿತೆಂದು ಪ್ರಶ್ನಿಸಿಕೊಂಡು ಕಾಶಿಕಾಕಾರರು ಪ್ರತ್ಯುದಾಹರಣೆಯಾಗಿ ಈ ಸಪ್ತಪದಿಯ ಮಾತನ್ನೇ ಕೊಡುತ್ತಾರೆ. ಎಂದರೆ, ಸಖ್ಯವನ್ನು ಹೇಳುವಾಗ ವೇದವು ಎದುರಿನವರ ಲಿಂಗವನ್ನು ಲೆಕ್ಕಿಸದೆ ಒಂದೇ ಶಬ್ದವನ್ನು ಆಡಿತು, ವೈಯಾಕರಣರು ಅದನ್ನು ಕಂಡು ಗುರುತಿಟ್ಟರು. ಸ್ತ್ರೀಯಾದರೂ ಪುರುಷನಾದರೂ ಈ ಪದಕ್ಕೆ ಊಹವು ಬೇಡ. ಜತೆಯ ‘ಸಪ್ತಪದೀ’ ಎಂಬುದು ಮಾತ್ರ ಪುರುಷನಿಗೆ ಹೇಳುವಾಗ ‘ಸಪ್ತಪಾತ್’ ಆದೀತು. ‘ಸಾಪ್ತಪದೀನ’ವೆಂಬ ಶಬ್ದವನ್ನು ಪಾಣಿನಿಗಳು ಸಖ್ಯವೆಂಬ ಅರ್ಥದಲ್ಲಿಯೇ ನಿಪಾತಿಸಿರುವುದನ್ನೂ ಇಲ್ಲಿ ಸ್ಮರಿಸಬೇಕು.

ಐದನೆಯ ಹೆಜ್ಜೆಯ ಸಂತಾನವಿಚಾರದಲ್ಲಿ, ಪಾರಸ್ಕರರಿಗೆ ಅದು ಪಶುಸಂಪತ್ತಿನ ಹೆಜ್ಜೆಯೆಂಬುದನ್ನು ಹುಡುಗಿಯರಿಗೆ ತಿಳಿಸಿ, ಬೇಕಾದರೆ ಆ ಪಾಠವನ್ನು ಸ್ವೀಕರಿಸಬಹುದೆಂದು ಬರೆದೆನು. ತಾವು ಮಗುವೊಂದನ್ನು ದತ್ತುಗೊಳ್ಳುವ ಯೋಚನೆಯಲ್ಲಿರುವುದರಿಂದ ಆಶ್ವಲಾಯನಪಾಠವೇ ಇರಲಿ, ಮನೆಯಲ್ಲಿ ಪಶುವೆಂದರೆ ಒಂದು ಬೆಕ್ಕು ಮಾತ್ರ ಎಂದು ಉತ್ತರ ಬಂದಿತು. ಪ್ರತಿ ಹೆಜ್ಜೆಗೂ ಅಂಟಿಕೊಂಡು ಬರುವ, ನನ್ನನ್ನು ಅನುಸರಿಸಿ ನಡೆ ಎಂಬ ಮಾತನ್ನು ಒಬ್ಬಳೇ ಹೇಳಿದರೆ ಆಜ್ಞೆಯಾಗುತ್ತದೆ. ಇಬ್ಬರೂ ಹೇಳಿದರೆ ಒಪ್ಪಂದವಾಗುತ್ತದೆ. ಬೆಸ ಹೆಜ್ಜೆಗಳಲ್ಲಿ ಹಿರಿಯಳೂ ಸಮ ಹೆಜ್ಜೆಗಳಲ್ಲಿ ಕಿರಿಯಳೂ, ಏಳನೆಯದರಲ್ಲಿ ಇಬ್ಬರೂ ಒಟ್ಟಿಗೆ ಹೇಳತಕ್ಕದ್ದೆಂದು ಯೋಜಿಸಿದ್ದೇನೆ.

ಧ್ರುವಾರುಂಧತೀದರ್ಶನವನ್ನು ಇಂದಿನ ಮದುವೆಗಳಲ್ಲಿ ಮಟಮಟ ಮಧ್ಯಾಹ್ನ ಛತ್ರದ ತಾರಸಿಯ ಕಡೆಗೆ ಬೆರಳುಮಾಡಿ ಮುಗಿಸುವುದನ್ನು ಎಲ್ಲರೂ ಬಲ್ಲರು. ಬೆಂಗಳೂರಿನಲ್ಲಿ ಧ್ರುವನು ದಿಗಂತದಿಂದ ಸುಮಾರು ೧೩ ಅಂಶಗಳಷ್ಟೇ ಮೇಲಿರುವುದರಿಂದ ರಾತ್ರಿಯಾದರೂ ಕಟ್ಟಡಗಳ ನಡುವೆ ಸಿಕ್ಕುವುದು ದುರ್ಲಭ. ಇವರಿರುವ ಊರಿನಲ್ಲಿ ಅವನು ಸುಮಾರು ೪೦ ಅಂಶಗಳ ಎತ್ತರದಲ್ಲಿದ್ದಾನೆ. ಆದುದರಿಂದ ಕರ್ಮವನ್ನು ಸಂಜೆಗೆ ಇಟ್ಟುಕೊಂಡು, ನಕ್ಷತ್ರಗಳನ್ನು ನಿಜವಾಗಿ ನೋಡಿರೆಂದು ಸೂಚಿಸಿದೆನು. ಪತಿಯ ಆಯುಸ್ಸನ್ನು ಬೇಡುವ ವಾಕ್ಯದ ಸ್ಥಾನದಲ್ಲಿ ಸಖಿಯ ಆಯುಸ್ಸನ್ನು ಬೇಡುವುದು.

ಗೃಹಪ್ರವೇಶದಲ್ಲಿ ಒಬ್ಬರು ಮತ್ತೊಬ್ಬರ ಮನೆಗೆ ಬರುವುದೆಂಬುದಿಲ್ಲ. ಹೊಸಿಲ ಮೇಲೆ ಎರಡು ಸೇರು ಅಕ್ಕಿಯನ್ನಿಟ್ಟು ಇಬ್ಬರೂ ಬಲಗಾಲಿನಿಂದ ಒದ್ದು ಒಳಗೆ ಹೋಗತಕ್ಕದ್ದು. ಒಳಗಿನಿಂದ ಆರತಿಯೆತ್ತುವವರು ಯಾರೆಂದು ನನ್ನ ಸಹಾಧ್ಯಾಯಿಗಳ ಪತ್ನಿಯವರು ಕೇಳಿಕಳುಹಿಸಿದರು. ಇಬ್ಬರು ತಾಯಂದಿರೂ ಮೊದಲೇ ಒಳಗೆ ಹೋಗಿ ನಿಲ್ಲಲಿ ಎಂದೆನು.

ನಾನು ಅಷ್ಟು ದೂರ ಪ್ರಯಾಣಮಾಡಲಾರೆನಾದುದರಿಂದ ನನ್ನ ಸಹಾಧ್ಯಾಯಿಗಳೇ ಪ್ರಯೋಗವನ್ನು ಓದಿ ಮಗಳ ಮದುವೆಯನ್ನು ನಡೆಯಿಸುವುದೆಂದು ನಿಶ್ಚಯವಾಗಿದೆ. ಅವರು ಇದುವರೆಗೆ ಪೌರೋಹಿತ್ಯವನ್ನು ಮಾಡಿದವರಲ್ಲ. ಅವರ ಅನುಕೂಲಕ್ಕಾಗಿ ಪ್ರತಿ ಮಂತ್ರದ ಕೆಳಗೂ ಕನ್ನಡದ ಅರ್ಥವನ್ನು ಬರೆದಿದ್ದೇನೆ. ಉದಾತ್ತಾದಿಸ್ವರಗಳನ್ನು ಕೆಂಪು ಶಾಯಿಯಿಂದ ಗುರುತುಮಾಡಿದ್ದೇನೆ. ಊಹಿತವಾದ ಪದಗಳ ಮೇಲೆ ಮಾತ್ರ ಸ್ವರಚಿಹ್ನೆಯನ್ನು ಹಾಕಿಲ್ಲ, ಅವು ಮಂತ್ರವಲ್ಲವಷ್ಟೆ.